ಚೆಂಡು ತಾಗುವ ಗಳಿಗೆ: ಫೋರ್‌ಹ್ಯಾಂಡ್ ತಿದ್ದುವ ಬಗೆ

ಟೆನಿಸ್ ಕಲಿಯಲು ಬಂದ ಮಗುವಿಗೆ ಮೊದಲ ದಿನ ಹೇಳಿಕೊಡುವುದು ಫೋರ್‌ಹ್ಯಾಂಡ್. ಮೂವತ್ತು ವರ್ಷ ಆಡಿ ತಲೆ ನೆರೆತವರು ಬೆಳಗ್ಗೆ ಆರಕ್ಕೆ ಕ್ಲಬ್ಬಿಗೆ ಬಂದು ಜೊತೆಗೆ ಆಡಿ ಕಲಿಸುವ ಮಾರ್ಕರ್ ಹತ್ತಿರ ತಿದ್ದಿಸಿಕೊಳ್ಳುವುದೂ ಫೋರ್‌ಹ್ಯಾಂಡನ್ನೇ. ಬ್ಯಾಕ್‌ಹ್ಯಾಂಡ್ ಸೊರಗಿದ್ದರೆ ಸ್ಲೈಸ್ ಮಾಡಿ ಹೇಗೋ ನೆಟ್ ದಾಟಿಸಬಹುದು. ಸರ್ವ್ ತಪ್ಪಿದರೆ ಇನ್ನೊಂದು ಅವಕಾಶವಿದೆ. ಫೋರ್‌ಹ್ಯಾಂಡ್ ಕೈಕೊಟ್ಟರೆ ಆಟಕ್ಕೆ ಆಧಾರವೇ ಉಳಿಯುವುದಿಲ್ಲ. ಅದಕ್ಕೇ ಇರಬೇಕು, ಈ ಹೊಡೆತದ ಬಗ್ಗೆ ಸಿಗುವಷ್ಟು ಸಲಹೆ ಬೇರಾವುದರ ಬಗ್ಗೆಯೂ ಸಿಗುವುದಿಲ್ಲ.

ಆದರೆ ಆ ಸಲಹೆಗಳು ಒಂದಕ್ಕೊಂದು ಎದುರುಬದುರು ನಿಲ್ಲುತ್ತವೆ. ಮಣಿಕಟ್ಟು ಬಿಗಿಯಾಗಿರಲಿ ಎಂದು ಒಬ್ಬ ಕೋಚ್ ಹೇಳಿದರೆ, ಪಕ್ಕದ ಕೋರ್ಟಿನಲ್ಲಿ ಅದನ್ನು ಸಡಿಲ ಬಿಡು ಎಂಬ ಮಾತು ಕೇಳಿಸುತ್ತದೆ. ಪಕ್ಕಕ್ಕೆ ತಿರುಗಿ ಎಡಗಾಲು ಮುಂದಿಟ್ಟು ಹೊಡೆಯಬೇಕೆಂದು ಹಳಬರು ಕಲಿತರು. ಇಂದಿನ ಹುಡುಗರು ನೆಟ್‌ಗೆ ಎದುರಾಗಿ ನಿಂತೇ ಹೊಡೆಯುತ್ತಾರೆ. ಚೆಂಡಿನ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು ಎನ್ನುವವರಿದ್ದಾರೆ, ನೇರ ಮುಂದಕ್ಕೆ ತಳ್ಳಬೇಕು ಎನ್ನುವವರೂ ಇದ್ದಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿ ಸಲಹೆಯೂ ಒಂದು ಕಾಲದ, ಒಂದು ಬಗೆಯ ನೆಲದ, ಒಂದು ಬಗೆಯ ರ‍್ಯಾಕೆಟ್‌ನ ಅನುಭವದಿಂದ ಹುಟ್ಟಿದ್ದು. ಅವೆಲ್ಲ ಎಲ್ಲಿಂದ ಬಂದವು, ಅವುಗಳಲ್ಲಿ ಇಂದಿಗೂ ನಿಲ್ಲುವುದು ಯಾವುದು ಎಂದು ಒಮ್ಮೆ ಪರಿಶೀಲಿಸದೆ ಫೋರ್‌ಹ್ಯಾಂಡ್ ತಿದ್ದಲು ಹೊರಟರೆ ಒಂದು ಚಟ ಬಿಡಿಸಿ ಇನ್ನೊಂದು ಚಟ ಅಂಟಿಸಿದಂತಾಗುತ್ತದೆ.

ಹಿಡಿತದಿಂದಲೇ ಶುರುಮಾಡೋಣ. ರ‍್ಯಾಕೆಟ್‌ನ ಹಿಡಿಕೆಗೆ ಎಂಟು ಮುಖಗಳಿವೆ. ತೋರುಬೆರಳಿನ ಬುಡದ ಗೆಣ್ಣು ಯಾವ ಮುಖದ ಮೇಲೆ ಕೂರುತ್ತದೆ ಎಂಬುದರಿಂದ ಹಿಡಿತ ನಿರ್ಧಾರವಾಗುತ್ತದೆ: ಎರಡನೆಯದಾದರೆ ಕಾಂಟಿನೆಂಟಲ್, ಮೂರನೆಯದಾದರೆ ಈಸ್ಟರ್ನ್, ನಾಲ್ಕನೆಯದು ಸೆಮಿವೆಸ್ಟರ್ನ್, ಐದನೆಯದು ವೆಸ್ಟರ್ನ್. ಈಸ್ಟರ್ನ್, ವೆಸ್ಟರ್ನ್ ಎಂಬ ಹೆಸರುಗಳು ಅಮೆರಿಕದ ಎರಡು ಕರಾವಳಿಗಳಿಂದ ಬಂದವು. ಪೂರ್ವ ಕರಾವಳಿಯ ಹುಲ್ಲಿನ ಮೇಲೆ ಚೆಂಡು ಮೊಣಕಾಲಿನಷ್ಟು ಎತ್ತರಕ್ಕೆ ಜಾರಿ ಬರುತ್ತಿತ್ತು. ಅಲ್ಲಿ ಕೈಕುಲುಕುವಂತೆ ಹಿಡಿಯುವ ಈಸ್ಟರ್ನ್ ಹಿಡಿತ ಬೆಳೆಯಿತು. ಕ್ಯಾಲಿಫೋರ್ನಿಯಾದ ಸಿಮೆಂಟ್ ಕೋರ್ಟುಗಳಲ್ಲಿ ಚೆಂಡು ಭುಜದವರೆಗೆ ಪುಟಿಯುತ್ತಿತ್ತು. ಅಲ್ಲಿನವರು ಅಂಗೈಯನ್ನು ಹಿಡಿಕೆಯ ಅಡಿಗೆ ಸರಿಸಿಕೊಂಡರು. ಕ್ಯಾಲಿಫೋರ್ನಿಯಾದ ಬಿಲ್ ಜಾನ್‌ಸ್ಟನ್ 1919ರಲ್ಲಿ ವೆಸ್ಟರ್ನ್ ಹಿಡಿತದಲ್ಲೇ ಬಿಲ್ ಟಿಲ್ಡನ್‌ರನ್ನು ಸೋಲಿಸಿ ಅಮೆರಿಕದ ಚಾಂಪಿಯನ್ ಆದರು. ಮುಂದಿನ ವರ್ಷಗಳೆಲ್ಲ ಟಿಲ್ಡನ್‌ರ ಪಾಲಾದವು. 1925ರಲ್ಲಿ ಟಿಲ್ಡನ್ ಬರೆದ ‘ಮ್ಯಾಚ್ ಪ್ಲೇ ಅಂಡ್ ದಿ ಸ್ಪಿನ್ ಆಫ್ ದಿ ಬಾಲ್’ ಪುಸ್ತಕ ದಶಕಗಳ ಕಾಲ ಆಟಗಾರರ ಕೈಯಲ್ಲಿತ್ತು. ಇಲ್ಲಿ ಗಮನಿಸಬೇಕಾದದ್ದು ಒಂದೇ: ಯಾವ ಹಿಡಿತ ಸರಿ ಎಂಬ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ಸಿಕ್ಕ ಉತ್ತರ, ಚೆಂಡು ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದರ ಮೇಲೆ ನಿಂತಿತ್ತು.

ಮುಂದಿನ ದೊಡ್ಡ ತಿರುವು ಸ್ವೀಡನ್ನಿನಿಂದ ಬಂತು. ಬ್ಯೋರ್ನ್ ಬೋರ್ಗ್ ಮರದ ರ‍್ಯಾಕೆಟ್‌ಗೆ ವಿಪರೀತ ಬಿಗಿಯಾಗಿ ತಂತಿ ಕಟ್ಟಿಸಿ, ವೆಸ್ಟರ್ನ್ ಕಡೆಗೆ ವಾಲಿದ ಹಿಡಿತದಲ್ಲಿ ಚೆಂಡಿಗೆ ಭಾರೀ ಟಾಪ್‌ಸ್ಪಿನ್ ಕೊಟ್ಟು, ನೆಟ್‌ನಿಂದ ಎಷ್ಟೋ ಮೇಲೆ ಹಾಯಿಸಿ 1974ರಿಂದ 1981ರೊಳಗೆ ಆರು ಸಲ ಫ್ರೆಂಚ್ ಓಪನ್ ಗೆದ್ದರು. ಅಂದಿನ ಕೈಪಿಡಿಗಳ ಪ್ರಕಾರ ಅದು ಕಲಿಸಬಾರದ ಹೊಡೆತ. ಆದರೆ ಲೆಕ್ಕ ಬೋರ್ಗ್ ಪರವಾಗಿತ್ತು. ನೆಟ್‌ನ ಎತ್ತರ ನಡುವಿನಲ್ಲಿ 91 ಸೆಂಟಿಮೀಟರ್, ಕಂಬದ ಬಳಿ 1.07 ಮೀಟರ್, ಕೋರ್ಟಿನ ಉದ್ದ 23.77 ಮೀಟರ್. ಸ್ಪಿನ್ ಇಲ್ಲದ ಚೆಂಡನ್ನು ಜೋರಾಗಿ ಹೊಡೆದು ಈ ಉದ್ದದೊಳಗೆ ಬೀಳಿಸಬೇಕಾದರೆ ಅದು ನೆಟ್‌ಗೆ ತಾಗಿಕೊಂಡಂತೆಯೇ ಹೋಗಬೇಕು. ಮುಂದಕ್ಕೆ ಉರುಳುತ್ತ ಹೋಗುವ ಚೆಂಡನ್ನು ಗಾಳಿಯೇ ಕೆಳಕ್ಕೆ ಒತ್ತುತ್ತದೆ. ಹಾಗಾಗಿ ಅದನ್ನು ನೆಟ್‌ನ ಒಂದು ಮೀಟರ್ ಮೇಲಿಂದ ಕಳಿಸಿದರೂ ಬೇಸ್‌ಲೈನಿನ ಒಳಗೇ ಇಳಿಯುತ್ತದೆ. ತಪ್ಪುಗಳು ಕಡಿಮೆಯಾಗಲು ಇದಕ್ಕಿಂತ ಗಟ್ಟಿಯಾದ ಭೌತಶಾಸ್ತ್ರದ ಕಾರಣ ಇನ್ನೊಂದಿಲ್ಲ.

ಬೋರ್ಗ್ ತೋಳಿನಿಂದ ಮಾಡಿದ್ದನ್ನು ಆಮೇಲೆ ಸಲಕರಣೆ ಎಲ್ಲರಿಗೂ ಸುಲಭ ಮಾಡಿತು. 1976ರಲ್ಲಿ ಹವರ್ಡ್ ಹೆಡ್ ಪೇಟೆಂಟ್ ಪಡೆದ ಪ್ರಿನ್ಸ್ ರ‍್ಯಾಕೆಟ್‌ನ ಮುಖ 110 ಚದರ ಇಂಚಿನದು. ಮರದ ರ‍್ಯಾಕೆಟ್‌ಗಳದು 70ರ ಒಳಗೇ ಇತ್ತು. ಚಿಕ್ಕ ಮುಖವನ್ನು ಕೆಳಗಿನಿಂದ ಮೇಲಕ್ಕೆ ಬೀಸಿದರೆ ಚೆಂಡು ಚೌಕಟ್ಟಿಗೆ ಬಡಿಯುವ ಭಯವಿತ್ತು, ಮುಖ ದೊಡ್ಡದಾದ ಮೇಲೆ ಆ ಭಯ ಹೋಯಿತು. 1977ರಲ್ಲಿ ಇಲಿ ನಸ್ತಾಸೆ ಎರಡು ಪದರ ತಂತಿ ಕಟ್ಟಿದ ವಿಚಿತ್ರ ರ‍್ಯಾಕೆಟ್ ಹಿಡಿದು ಗಿಲ್ಲೆರ್ಮೊ ವಿಲಾಸ್‌ರ ಮಣ್ಣಿನಂಕಣದ ಗೆಲುವಿನ ಸರಣಿಯನ್ನು ಮುರಿದಾಗ, ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಆ ಬಗೆಯ ತಂತಿಯನ್ನೇ ನಿಷೇಧಿಸಿತು. ಆ ರ‍್ಯಾಕೆಟ್‌ನ ಗುಟ್ಟು, ತಂತಿಗಳು ಪಕ್ಕಕ್ಕೆ ಸರಿದು ಮತ್ತೆ ಚಿಮ್ಮಿ ಸ್ವಸ್ಥಾನಕ್ಕೆ ಬರುವಾಗ ಚೆಂಡನ್ನು ಇನ್ನಷ್ಟು ತಿರುಗಿಸುವುದು. ಇಪ್ಪತ್ತು ವರ್ಷ ಕಳೆದು, ನುಣುಪಾದ ಪಾಲಿಯೆಸ್ಟರ್ ತಂತಿ ಅದೇ ಕೆಲಸವನ್ನು ನಿಯಮದ ಒಳಗೇ ಮಾಡತೊಡಗಿತು. 1997ರಲ್ಲಿ 66ನೇ ರ‍್ಯಾಂಕಿನ ಗುಸ್ತಾವೊ ಕುಯೆರ್ಟೆನ್ ಇಂಥ ತಂತಿಯೊಂದಿಗೆ ಫ್ರೆಂಚ್ ಓಪನ್ ಗೆದ್ದ ಮೇಲೆ ಹಿಂತಿರುಗಿ ನೋಡುವ ಪ್ರಶ್ನೆಯೇ ಬರಲಿಲ್ಲ. ಅಮೆರಿಕದ ಕೋಚ್ ಜಾನ್ ಯಾಂಡೆಲ್ ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ ಎಣಿಸಿದಾಗ ಸಾಂಪ್ರಾಸ್, ಅಗಾಸಿ ಅವರ ಫೋರ್‌ಹ್ಯಾಂಡ್ ಚೆಂಡು ನಿಮಿಷಕ್ಕೆ ಸರಾಸರಿ 1,800ರಿಂದ 1,900 ಸುತ್ತು ತಿರುಗುತ್ತಿತ್ತು, ಫೆಡರರ್‌ರದು ಸುಮಾರು 2,700, ನಡಾಲ್‌ರದು ಸುಮಾರು 3,200.

ಈ ಇತಿಹಾಸದಲ್ಲಿ ನಮ್ಮವರ ಜಾಗ ಬೇರೆಯೇ. 1960, 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ ರಾಮನಾಥನ್ ಕೃಷ್ಣನ್, ಅವರ ಮಗ ರಮೇಶ್ ಕೃಷ್ಣನ್ ಇಬ್ಬರದೂ ಹಿಂದಕ್ಕೆ ಹೆಚ್ಚು ಎಳೆಯದೆ, ಎದುರಾಳಿಯ ವೇಗವನ್ನೇ ಬಳಸಿ ಚಪ್ಪಟೆಯಾಗಿ ದೂಡುವ ಆಟ. 1989ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅಂದಿನ ಅಗ್ರ ಆಟಗಾರ ಮ್ಯಾಟ್ಸ್ ವಿಲಾಂಡರ್‌ರನ್ನು ರಮೇಶ್ ಸೋಲಿಸಿದ್ದು ಯಾವ ಸಿಡಿಗುಂಡಿನ ಹೊಡೆತದಿಂದಲೂ ಅಲ್ಲ, ಚೆಂಡನ್ನು ತೀರ ಬೇಗ, ತೀರ ಶುದ್ಧವಾಗಿ ಮುಟ್ಟುವ ಸಾಮರ್ಥ್ಯದಿಂದ. ಸಾನಿಯಾ ಮಿರ್ಜಾ ಇದಕ್ಕೆ ಪೂರ್ತಿ ವಿರುದ್ಧ. 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ರ‍್ಯಾಂಕಿಗೆ ಅವರನ್ನು ಕೊಂಡೊಯ್ದದ್ದು ಆ ಫೋರ್‌ಹ್ಯಾಂಡ್‌ನ ಬಿರುಸು. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಡಬಲ್ಸ್‌ನ ಅಗ್ರಸ್ಥಾನಕ್ಕೇರಿದಾಗ ಜನ ಹೆಚ್ಚಾಗಿ ಅವರ ಸರ್ವ್ ಬಗ್ಗೆ ಮಾತಾಡಿದರು. ಅದರ ಬೆನ್ನಿಗೇ ಬರುವ ಫೋರ್‌ಹ್ಯಾಂಡ್ ಇಲ್ಲದಿದ್ದರೆ ಆ ಸರ್ವ್‌ನಿಂದ ಸಿಗುವ ಲಾಭ ಅರ್ಧವಾಗುತ್ತಿತ್ತು. ಕೃಷ್ಣನ್ ಅಪ್ಪಮಗ, ಸಾನಿಯಾ, ಬೋಪಣ್ಣ, ಇವರದು ಮೂರು ಬಗೆ. ಹಾಗಾದರೆ ಕಲಿಯುವವರು ಯಾರನ್ನು ನೋಡಿ ಕಲಿಯಬೇಕು?

ಆಟಗಾರರನ್ನೇ ಕೇಳಿದರೆ ಸಾಕಲ್ಲ ಎನಿಸಬಹುದು. ಇಲ್ಲೊಂದು ತೊಡಕಿದೆ. ಕ್ಯಾಲಿಫೋರ್ನಿಯಾದ ಕೋಚ್ ವಿಕ್ ಬ್ರೇಡನ್ ಬದುಕಿನುದ್ದಕ್ಕೂ ಚಾಂಪಿಯನ್ನರನ್ನು ಮಾತಾಡಿಸಿ, ಅವರ ಹೊಡೆತಗಳನ್ನು ಚಿತ್ರಿಸಿ, ಎರಡನ್ನೂ ತಾಳೆ ಹಾಕಿದವರು. ಚೆಂಡು ತಾಗುವಾಗ ಮಣಿಕಟ್ಟನ್ನು ಹೊರಳಿಸಿ ರ‍್ಯಾಕೆಟ್ಟನ್ನು ಚೆಂಡಿನ ಮೇಲೆ ಮಗುಚುತ್ತೇವೆ, ಟಾಪ್‌ಸ್ಪಿನ್ ಬರುವುದೇ ಹಾಗೆ ಎಂದು ಬಹುತೇಕ ದೊಡ್ಡ ಆಟಗಾರರು ಹೇಳುತ್ತಿದ್ದರು. ಚಿತ್ರವನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಚೌಕಟ್ಟಾಗಿ ಅಳೆದಾಗ ಕಂಡದ್ದು ಬೇರೆ: ಚೆಂಡು ತಂತಿ ಬಿಟ್ಟು ಎಷ್ಟೋ ದೂರ ಹೋದ ಮೇಲೆಯೇ ಆ ಹೊರಳು. ತಾಗುವಾಗ ಮಣಿಕಟ್ಟು ಅಲುಗುತ್ತಲೇ ಇರಲಿಲ್ಲ. ಆಟಗಾರರು ಬೇಕೆಂದೇ ದಾರಿ ತಪ್ಪಿಸುತ್ತಿರಲಿಲ್ಲ. ಅವರಿಗೆ ಹಾಗೆ ಅನಿಸುತ್ತಿತ್ತು. ದೇಹ ಮಾಡುವುದನ್ನು ಮನಸ್ಸು ಬೇರೆಯಾಗಿ ವರದಿ ಮಾಡುತ್ತದೆ. ಆ ವರದಿಯನ್ನು ನಂಬಿ ಲಕ್ಷಾಂತರ ಮಂದಿ ಮಣಿಕಟ್ಟು ತಿರುಚಿ ಚೆಂಡನ್ನು ನೆಟ್‌ಗೆ ಹೊಡೆದಿದ್ದಾರೆ, ಹಲವರು ಕೈಯನ್ನೂ ನೋಯಿಸಿಕೊಂಡಿದ್ದಾರೆ.

ಬ್ರೇಡನ್‌ರ ಕೆಲಸ ಮತ್ತು ಅದರ ನಂತರದ ಚಿತ್ರೀಕರಣಗಳಿಂದ ನನಗೆ ಹೊಳೆಯುವ ವಿಷಯ ಇದು. ನಡಾಲ್ ರ‍್ಯಾಕೆಟ್ಟನ್ನು ತಲೆಯ ಮೇಲೆ ಸುತ್ತಿ ಮುಗಿಸುತ್ತಾರೆ. ಫೆಡರರ್ ಎದೆಗೆ ಅಡ್ಡಲಾಗಿ ಮುಗಿಸುತ್ತಾರೆ. ಡೆಲ್ ಪೊಟ್ರೊ ರ‍್ಯಾಕೆಟ್ಟನ್ನು ಎತ್ತರದಲ್ಲಿ ಹಿಂದೊಯ್ದು ಚಪ್ಪಟೆಯಾಗಿ ಬಾರಿಸಿ, 2009ರ ಯುಎಸ್ ಓಪನ್‌ನಲ್ಲಿ ಆ ಇಬ್ಬರನ್ನೂ ಬೆನ್ನುಬೆನ್ನಿಗೆ ಸೋಲಿಸಿದರು. ಹೊಡೆತದ ಮೊದಲರ್ಧವೂ ಕೊನೆಯ ಭಾಗವೂ ಒಬ್ಬೊಬ್ಬರದು ಒಂದೊಂದು ಥರ. ಆದರೆ ಚೆಂಡು ತಂತಿಗೆ ತಾಗಿದ ಆ ಒಂದು ಚೌಕಟ್ಟನ್ನಷ್ಟೇ ಕತ್ತರಿಸಿ ಪಕ್ಕಪಕ್ಕ ಇಟ್ಟರೆ ಇವರೆಲ್ಲ ಒಂದೇ ಗುರುವಿನ ಶಿಷ್ಯರಂತೆ ಕಾಣುತ್ತಾರೆ. ತಾಗುವ ಜಾಗ ದೇಹಕ್ಕಿಂತ ಸಾಕಷ್ಟು ಮುಂದಿದೆ. ರ‍್ಯಾಕೆಟ್‌ನ ಮುಖ ನೆಲಕ್ಕೆ ಹೆಚ್ಚೂಕಡಿಮೆ ಲಂಬವಾಗಿದೆ, ಕೆಲವೇ ಡಿಗ್ರಿ ಮುಚ್ಚಿದೆ. ಮಣಿಕಟ್ಟು ಹಿಂದಕ್ಕೆ ಮಡಿದಿದೆ. ಎದೆ ಬಹುಮಟ್ಟಿಗೆ ನೆಟ್‌ನತ್ತ ತಿರುಗಿದೆ. ತಲೆ ಅಲುಗದೆ, ಕಣ್ಣು ತಾಗುವ ಜಾಗದ ಕಡೆಗಿದೆ. ಹಿಡಿತ ವೆಸ್ಟರ್ನ್ ಕಡೆಗೆ ಸರಿದಂತೆ ತಾಗುವ ಜಾಗ ಬದಲಾಗುತ್ತದೆ ನಿಜ: ಈಸ್ಟರ್ನ್‌ನವರು ಸೊಂಟದೆತ್ತರದಲ್ಲಿ, ವೆಸ್ಟರ್ನ್‌ನವರು ಇನ್ನೂ ಎತ್ತರದಲ್ಲಿ, ಇನ್ನೂ ಮುಂದೆ. ಫೆಡರರ್, ನಡಾಲ್‌ರ ಮೊಣಕೈ ನೇರ. ಜೊಕೊವಿಚ್, ಅಗಾಸಿ ಅವರದು ಮಡಿದಿರುತ್ತದೆ. ಈ ವ್ಯತ್ಯಾಸಗಳೆಲ್ಲ ಸಣ್ಣವು. ನಾವು ಕೋರ್ಟಿನಲ್ಲಿ ನಕಲು ಮಾಡುವುದು ಮಾತ್ರ ತಲೆಯ ಮೇಲಿನ ಆ ಸುತ್ತನ್ನು, ಕಣ್ಣಿಗೆ ರಾಚುವ ಆ ಭಿನ್ನತೆಯನ್ನು. ಫೋರ್‌ಹ್ಯಾಂಡ್ ತಿದ್ದುವ ಕೆಲಸ ತಾಗುವ ಗಳಿಗೆಯಿಂದ ಹಿಂದಕ್ಕೆ ನಡೆಯಬೇಕು ಎಂಬುದು ಈ ಲೇಖನದ ವಾದ.

ಆ ಗಳಿಗೆ ಎಷ್ಟು ಹೊತ್ತಿನದು? ಸುಮಾರು ಐದು ಮಿಲಿಸೆಕೆಂಡು, ಸೆಕೆಂಡಿನ ಇನ್ನೂರನೇ ಒಂದು ಭಾಗ. ಮಿದುಳು ಒಂದು ಸೂಚನೆ ಕಳಿಸಿ ಕೈ ಅದನ್ನು ಪಾಲಿಸಲು ಬೇಕಾದ ಹೊತ್ತು ಇದರ ಹತ್ತಾರು ಪಟ್ಟು. ಅಂದರೆ ತಾಗುವಾಗ ಏನನ್ನೂ ಮಾಡಲು ಬರುವುದಿಲ್ಲ. ಮಾಡಬೇಕಾದದ್ದೆಲ್ಲ ಅದಕ್ಕೂ ಮುಂಚೆ ಮುಗಿದಿರಬೇಕು. 1979ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಿಡಿಕೆಯನ್ನು ಭದ್ರವಾಗಿ ಸಿಕ್ಕಿಸಿದ ರ‍್ಯಾಕೆಟ್ ಮತ್ತು ಯಾವ ಹಿಡಿತವೂ ಇಲ್ಲದೆ ಸುಮ್ಮನೆ ನಿಲ್ಲಿಸಿದ ರ‍್ಯಾಕೆಟ್ ಎರಡಕ್ಕೂ ಚೆಂಡು ಹಾಯಿಸಿ ನೋಡಿದರು. ನಟ್ಟನಡುವೆ ತಾಗಿದ ಚೆಂಡು ಎರಡರಿಂದಲೂ ಹೆಚ್ಚೂಕಡಿಮೆ ಒಂದೇ ವೇಗದಲ್ಲಿ ಹಿಂದಿರುಗಿತು. ಮುಷ್ಟಿ ಬಿಗಿದರೆ ಹೊಡೆತಕ್ಕೆ ಬಲ ಬರುತ್ತದೆ ಎಂಬ ನಂಬಿಕೆಗೆ ಇದರಿಂದ ಪೆಟ್ಟು ಬಿತ್ತು. ಬಿಗಿದ ಮುಷ್ಟಿ ಮುಂಗೈಯ ಸ್ನಾಯುಗಳನ್ನೆಲ್ಲ ಬಿಗಿದು ರ‍್ಯಾಕೆಟ್‌ನ ವೇಗವನ್ನೇ ತಗ್ಗಿಸುತ್ತದೆ. ಇನ್ನು ದಿಕ್ಕಿನ ವಿಷಯ: ಚೆಂಡು ಹೊರಡುವ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ 24 ಮೀಟರ್ ದೂರದಲ್ಲಿ ಅದು 40 ಸೆಂಟಿಮೀಟರ್‌ಗಿಂತ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಗೆರೆಗೆ ಗುರಿಯಿಡುವ ಕ್ಲಬ್ ಆಟಗಾರರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮೂಲೆಯಿಂದ ಮೂಲೆಗೆ ಹೊಡೆದರೆ ಕೋರ್ಟು ಒಂದೂಕಾಲು ಮೀಟರ್‌ಗಿಂತ ಹೆಚ್ಚು ಉದ್ದ ಸಿಗುತ್ತದೆ, ನೆಟ್‌ನ ತಗ್ಗಿದ ನಡುಭಾಗವೂ ಸಿಗುತ್ತದೆ.

ತಾಗುವ ಜಾಗ ಹಿಂದೆ ಬೀಳುವುದೇ ಹವ್ಯಾಸಿಗಳ ಫೋರ್‌ಹ್ಯಾಂಡ್‌ನ ಮೂಲ ರೋಗ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ 20 ಸೆಂಟಿಮೀಟರ್ ಸಾಗುತ್ತದೆ. ಅಷ್ಟು ತಡವಾದರೆ ಸಾಕು, ಹೊಟ್ಟೆಯ ಮುಂದೆ ತಾಗಬೇಕಾದ್ದು ಸೊಂಟದ ಪಕ್ಕ ತಾಗುತ್ತದೆ. ಆಗ ಮಣಿಕಟ್ಟು ತಿರುಚಿ ಸರಿಪಡಿಸುವುದು ಅನಿವಾರ್ಯ. ಕೋಚ್ ಅದನ್ನು ನೋಡಿ ಮಣಿಕಟ್ಟಿನ ತಪ್ಪು ಎನ್ನುತ್ತಾರೆ. ತಪ್ಪು ಮಣಿಕಟ್ಟಿನದಲ್ಲ, ಕಾಲಿನದು. ಕಾಲಿಗಿಂತ ಮೊದಲು ಭುಜದ್ದು. ಎದುರಾಳಿ ಚೆಂಡು ಹೊಡೆಯುವ ಹೊತ್ತಿಗೆ ಸರಿಯಾಗಿ ಒಂದು ಸಣ್ಣ ನೆಗೆತ, ಅಂದರೆ ಸ್ಪ್ಲಿಟ್ ಸ್ಟೆಪ್. ಚೆಂಡು ಬಲಕ್ಕೆ ಬರುತ್ತಿದೆ ಎಂದು ಗೊತ್ತಾದ ಕೂಡಲೇ ಎಡಗೈಯನ್ನು ರ‍್ಯಾಕೆಟ್‌ನ ಕುತ್ತಿಗೆಯಿಂದ ಬಿಡಿಸದೆ ಭುಜ, ಸೊಂಟ ಎಲ್ಲ ಒಟ್ಟಿಗೆ ತಿರುಗಿಸುವುದು. ಚೆಂಡು ನಮ್ಮ ಕಡೆ ಪುಟಿಯುವ ಮುಂಚೆ ಈ ತಿರುಗು ಮುಗಿದಿರುವುದು. ಬೇಸ್‌ಲೈನ್ ರ‍್ಯಾಲಿಯಲ್ಲಿ ಎದುರಾಳಿಯ ರ‍್ಯಾಕೆಟ್‌ನಿಂದ ನಮ್ಮ ರ‍್ಯಾಕೆಟ್‌ಗೆ ಚೆಂಡು ಬರಲು ಒಂದು, ಒಂದೂವರೆ ಸೆಕೆಂಡು ಹಿಡಿಯುತ್ತದೆ. ಕ್ಲಬ್ಬುಗಳಲ್ಲಿ ಹೆಚ್ಚಿನವರು ಅದರ ಮೊದಲರ್ಧವನ್ನು ನಿಂತು ನೋಡುವುದರಲ್ಲೇ ಕಳೆಯುತ್ತಾರೆ.

ಈ ವಿಷಯದಲ್ಲಿ ನೋಡಬೇಕಾದ ಆಟಗಾರ್ತಿ ಸ್ಟೆಫಿ ಗ್ರಾಫ್. 22 ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ, 1988ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್ ಜೊತೆಗೆ ಸೋಲ್ ಒಲಿಂಪಿಕ್ಸ್‌ನ ಚಿನ್ನ. ಅವರ ಫೋರ್‌ಹ್ಯಾಂಡ್‌ನ ಕೈಚಲನೆಯನ್ನು ಯಾವ ಕೋಚೂ ಯಥಾವತ್ತಾಗಿ ಕಲಿಸಲಾರರು. ರ‍್ಯಾಕೆಟ್ ಎತ್ತರಕ್ಕೆ ಹೋಗುತ್ತಿತ್ತು, ಬೀಸು ಕೊನೆ ಕ್ಷಣದವರೆಗೂ ಕಾಯುತ್ತಿತ್ತು. ಆದರೂ ಅದು ಆ ಕಾಲದ ಅತ್ಯಂತ ಭಯಂಕರ ಹೊಡೆತವಾಗಿತ್ತು. ಯಾಕೆಂದರೆ ಅವರ ಕಾಲುಗಳು ದೇಹವನ್ನು ಚೆಂಡಿನಿಂದ ಸರಿಯಾದ ಅಂತರದಲ್ಲಿ ತಂದು ನಿಲ್ಲಿಸಿ ಆಗಿರುತ್ತಿತ್ತು. ಬ್ಯಾಕ್‌ಹ್ಯಾಂಡ್ ಕಡೆಗೆ ಬಂದ ಚೆಂಡನ್ನೂ ಸುತ್ತಿ ಓಡಿ ಫೋರ್‌ಹ್ಯಾಂಡ್‌ನಲ್ಲೇ ಹೊಡೆಯುತ್ತಿದ್ದರು. ಪುಟ್ಟಪುಟ್ಟ ಹೆಜ್ಜೆಗಳ ಆ ಓಟವನ್ನು ನೋಡಿದವರು ಅವರ ತೋಳಿನ ಬಗ್ಗೆ ಮಾತಾಡುವುದನ್ನು ಬಿಡುತ್ತಾರೆ.

ಬಲ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಬ್ರೂಸ್ ಎಲಿಯಟ್ ಮತ್ತು ಸಂಗಡಿಗರು 1989ರಲ್ಲಿ ಒಂದು ಸ್ಪಷ್ಟ ಉತ್ತರ ಕೊಟ್ಟರು. ಭುಜದಿಂದ ರ‍್ಯಾಕೆಟ್‌ವರೆಗೆ ಇಡೀ ತೋಳನ್ನು ಒಂದೇ ತುಂಡಾಗಿ ಬೀಸುವವರನ್ನೂ, ತೋಳು, ಮುಂಗೈ, ಅಂಗೈ ಒಂದಾದ ಮೇಲೊಂದು ಚಲಿಸುವಂತೆ ಬೀಸುವವರನ್ನೂ ಅವರು ಹೋಲಿಸಿದರು. ಎರಡನೆಯವರ ರ‍್ಯಾಕೆಟ್ ಹೆಚ್ಚು ವೇಗದಲ್ಲಿ ಚೆಂಡಿಗೆ ಬಂತು. ನೆಲವನ್ನು ಕಾಲು ಒತ್ತುತ್ತದೆ, ಸೊಂಟ ತಿರುಗುತ್ತದೆ, ಸೊಂಟ ನಿಧಾನಿಸುವಾಗ ಎದೆ ತಿರುಗುತ್ತದೆ, ಎದೆ ನಿಧಾನಿಸುವಾಗ ತೋಳು ಹಾರುತ್ತದೆ. ಎತ್ತಿನಗಾಡಿಯವರ ಬಾರುಕೋಲಿನಲ್ಲಿ ಹಿಡಿಯನ್ನು ತಟ್ಟನೆ ನಿಲ್ಲಿಸಿದರೆ ತುದಿ ಚಟೀರೆನ್ನುವ ಹಾಗೆ, ಇಲ್ಲಿ ಹಿಂದಿನ ಭಾಗ ನಿಂತಾಗಲೇ ಮುಂದಿನದಕ್ಕೆ ವೇಗ. ಸೊಂಟ ಮುಂದೆ ಹೊರಟಾಗ ರ‍್ಯಾಕೆಟ್ ಇನ್ನೂ ಹಿಂದೆಯೇ ಉಳಿದಿರುತ್ತದೆ. ಮಣಿಕಟ್ಟು ತಾನಾಗಿ ಹಿಂದಕ್ಕೆ ಮಡಿಯುತ್ತದೆ, ಎದೆ ಭುಜಗಳ ಸ್ನಾಯುಗಳು ಹಿಗ್ಗುತ್ತವೆ. ಹಿಗ್ಗಿದ ಸ್ನಾಯು ಕೂಡಲೇ ಕುಗ್ಗಿದಾಗ ಹೆಚ್ಚಿನ ಬಲ ಹುಟ್ಟುತ್ತದೆ. ‘ತಾನಾಗಿ’ ಎಂಬುದನ್ನು ಒತ್ತಿ ಹೇಳಬೇಕು. ಮಣಿಕಟ್ಟನ್ನು ಬೇಕೆಂದು ಹಿಂದೆ ಎಳೆದು ಬೇಕೆಂದು ಮುಂದೆ ಚಿಮ್ಮಿಸಲು ಹೊರಟವರಿಗೆ ವೇಗವೂ ದಕ್ಕುವುದಿಲ್ಲ, ಹತೋಟಿಯೂ ದಕ್ಕುವುದಿಲ್ಲ.

ನಿಲುವಿನ ಜಗಳವನ್ನು ಇಲ್ಲಿ ಬೇಗ ಮುಗಿಸಬಹುದು. ಕಾಲು ಅಡ್ಡ ಹಾಕಿ ನಿಲ್ಲಬೇಕೋ ಎದುರಾಗಿ ನಿಲ್ಲಬೇಕೋ ಎಂಬುದು ಸಮಯದ ಪ್ರಶ್ನೆ. ಚೆಂಡು ಮೋಟಾಗಿ ಬಿದ್ದು ಮುಂದೆ ಹೋಗಿ ಹೊಡೆಯುವಾಗ ಎಡಗಾಲು ಮುಂದಿಡುವುದು ಸಹಜ. ಬೇಸ್‌ಲೈನ್ ಹಿಂದೆ ಅಗಲಕ್ಕೆ ಎಳೆದಾಗ ಬಲಗಾಲ ಮೇಲೆ ಭಾರ ಹಾಕಿ ಎದುರಾಗಿ ನಿಂತು ಹೊಡೆದರೆ ನಡುವಿಗೆ ಮರಳಲು ಒಂದು ಹೆಜ್ಜೆ ಉಳಿಯುತ್ತದೆ. ಎರಡನ್ನೂ ಕಲಿಯಬೇಕು. ಎದುರಾಗಿ ನಿಂತರೂ ಭುಜ ತಿರುಗಲೇಬೇಕು ಎಂಬುದನ್ನು ಮರೆತವರಷ್ಟೇ ತೊಂದರೆಗೆ ಬೀಳುತ್ತಾರೆ.

ಇನ್ನೊಂದು ವಾದ ಈಗಲೂ ಬಿಸಿಯಾಗಿದೆ. ಜಾಕ್ ಸಾಕ್, ನಿಕ್ ಕಿರ್ಗಿಯೋಸ್‌ರಂಥವರು ರ‍್ಯಾಕೆಟ್ಟನ್ನು ಹಿಂದೊಯ್ಯುವಾಗ ಅದರ ಮುಖವನ್ನು ನೆಲದತ್ತ, ಪಕ್ಕದ ಬೇಲಿಯತ್ತ ತಿರುಗಿಸಿ, ಮುಂದೆ ಬರುವಾಗ ದೊಡ್ಡದಾಗಿ ಮಗುಚಿ ಹೊಡೆಯುತ್ತಾರೆ. ಈ ಹೊಸ ಬಗೆಯಲ್ಲಿ ರ‍್ಯಾಕೆಟ್‌ಗೆ ಓಡುವ ದಾರಿ ಉದ್ದ, ಆದ್ದರಿಂದ ವೇಗ ಹೆಚ್ಚು. ಸಮಯ ಸಿಕ್ಕಾಗ ಈ ಹೊಡೆತ ಅದ್ಭುತ. ಹುಲ್ಲಿನ ಮೇಲೆ, ತಗ್ಗಿ ಬರುವ ವೇಗದ ಚೆಂಡಿಗೆ ಇಷ್ಟೊಂದು ತಿರುವುಗಳನ್ನು ಮುಗಿಸಲು ಪುರುಸೊತ್ತು ಸಿಗುವುದಿಲ್ಲ ಎಂಬ ಆಕ್ಷೇಪಕ್ಕೂ ಬಲವಿದೆ. ವೃತ್ತಿಪರರ ನಡುವೆ ಇದು ಇನ್ನೂ ತೀರ್ಮಾನವಾಗದ ವಾದ. ವಾರಕ್ಕೆ ಮೂರು ದಿನ ಆಡುವವರ ಮಟ್ಟಿಗೆ ನನ್ನ ಅಭಿಪ್ರಾಯ ಗಟ್ಟಿ: ಹಿಂದೊಯ್ಯುವ ದಾರಿ ಗಿಡ್ಡವಾದಷ್ಟೂ ಚೆಂಡು ಮುಂದೆ ತಾಗುತ್ತದೆ. ಕೃಷ್ಣನ್ ಅಪ್ಪಮಗನ ಹೊಡೆತದಿಂದ ಕ್ಲಬ್ ಆಟಗಾರರು ಕಲಿಯಬಹುದಾದಷ್ಟು ಈ ಹೊಸಬರಿಂದ ಕಲಿಯಲಾಗದು.

‘ಚೆಂಡನ್ನು ತಂತಿಯವರೆಗೂ ನೋಡು’ ಎಂಬ ಹಳೆಯ ಮಾತಿಗೂ ವಿಜ್ಞಾನ ಸಣ್ಣ ತಿದ್ದುಪಡಿ ತಂದಿದೆ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ 2000ದಲ್ಲಿ ಕ್ರಿಕೆಟ್ ಬ್ಯಾಟ್ಸ್‌ಮನ್ನರ ಕಣ್ಣಿನ ಚಲನೆ ಅಳೆದಾಗ, ಅವರ ನೋಟ ಚೆಂಡನ್ನು ಬಿಡದೆ ಹಿಂಬಾಲಿಸುವುದಿಲ್ಲ, ಅದು ಪುಟಿಯುವ ಜಾಗಕ್ಕೆ ಮುಂಚಿತವಾಗಿ ಜಿಗಿದು ಕಾಯುತ್ತದೆ ಎಂದು ಕಂಡಿತು. ಟೆನಿಸ್‌ನಲ್ಲೂ ಕೊನೆಯ ಕೆಲವು ಅಡಿಗಳಲ್ಲಿ ಚೆಂಡನ್ನು ಹಿಂಬಾಲಿಸಲು ಕಣ್ಣಿಗೆ ಆಗುವುದಿಲ್ಲ. ಹಾಗಿದ್ದರೆ ಫೆಡರರ್ ಚೆಂಡು ಹೋದ ಮೇಲೂ ತಾಗಿದ ಜಾಗವನ್ನೇ ನೋಡುತ್ತಿರುತ್ತಾರಲ್ಲ? ಅದರ ಲಾಭ ಕುತ್ತಿಗೆಗೆ. ತಲೆ ಬೇಗ ಮೇಲೆದ್ದರೆ ಭುಜವೂ ಏಳುತ್ತದೆ, ರ‍್ಯಾಕೆಟ್‌ನ ದಾರಿ ತಪ್ಪುತ್ತದೆ. ತಲೆ ನಿಂತಲ್ಲಿ ನಿಂತರೆ ತಾಗುವ ಜಾಗವೂ ಕದಲುವುದಿಲ್ಲ.

ಹೇಗೆ ಹೊಡೆಯಬೇಕು ಎಂಬುದು ಗೊತ್ತಾದ ಮಾತ್ರಕ್ಕೆ ದೇಹ ಕಲಿಯುವುದಿಲ್ಲ. ಈ ಬಗ್ಗೆ ಐವತ್ತು ವರ್ಷಗಳಿಂದ ಬೆಳೆದ ತಿಳಿವಳಿಕೆ ನಮ್ಮ ಕೋರ್ಟುಗಳಿಗೆ ಇನ್ನೂ ಪೂರ್ತಿ ಇಳಿದಿಲ್ಲ ಎಂಬುದು ನನ್ನ ದೊಡ್ಡ ಕೊರಗು. 1974ರಲ್ಲಿ ಟಿಮಥಿ ಗಾಲ್ವೇ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಬರೆದಾಗ ಅವರು ಕೊಟ್ಟ ಅಭ್ಯಾಸ ತೀರ ಸರಳ: ಚೆಂಡು ಪುಟಿದಾಗ ಒಂದು ಶಬ್ದ, ರ‍್ಯಾಕೆಟ್‌ಗೆ ತಾಗಿದಾಗ ಇನ್ನೊಂದು ಶಬ್ದ ಬಾಯಲ್ಲಿ ಹೇಳುವುದು. ಮನಸ್ಸು ಅದರಲ್ಲಿ ತೊಡಗಿದಾಗ ಮೊಣಕೈ, ಮಣಿಕಟ್ಟು, ಸೊಂಟ ಎಂದು ತನಗೆ ತಾನೇ ಆಜ್ಞೆ ಮಾಡಿಕೊಳ್ಳುವುದು ನಿಲ್ಲುತ್ತದೆ, ಸಮಯ ಸರಿಹೋಗುತ್ತದೆ. ಅದನ್ನು ಅಧ್ಯಾತ್ಮವೆಂದು ತಳ್ಳಿಹಾಕಿದವರಿದ್ದರು. ಆದರೆ 1990ರ ದಶಕದ ಕೊನೆಯಿಂದ ಗೇಬ್ರಿಯಲೆ ವುಲ್ಫ್ ಮತ್ತು ಸಹೋದ್ಯೋಗಿಗಳು ಹಲವು ಆಟಗಳಲ್ಲಿ ನಡೆಸಿದ ಪ್ರಯೋಗಗಳು ಆ ಕಡೆಗೇ ಬೊಟ್ಟುಮಾಡಿದವು: ಗಮನ ದೇಹದ ಭಾಗದ ಮೇಲಿದ್ದಾಗ ಕಲಿಕೆ ಕುಂಟುತ್ತದೆ, ಚಲನೆಯ ಫಲಿತಾಂಶದ ಮೇಲಿದ್ದಾಗ ಚುರುಕಾಗುತ್ತದೆ. ‘ರ‍್ಯಾಕೆಟ್ಟನ್ನು ಕೆಳಗಿನಿಂದ ಮೇಲೆ ತಾ’ ಎನ್ನುವುದಕ್ಕಿಂತ, ನೆಟ್‌ನ ಮೇಲೆ ಎರಡು ಅಡಿ ಎತ್ತರಕ್ಕೆ ಒಂದು ದಾರ ಕಟ್ಟಿ ಅದರ ಮೇಲಿಂದ ಹಾಯಿಸಿ ಸರ್ವೀಸ್ ಗೆರೆಯಾಚೆ ಬೀಳಿಸು ಎಂದರೆ ಟಾಪ್‌ಸ್ಪಿನ್ ಬೇಗ ಬರುತ್ತದೆ. ದೇಹವೇ ದಾರಿ ಹುಡುಕಿಕೊಳ್ಳುತ್ತದೆ.

ಮಾಸ್ಕೋದಲ್ಲಿ ದೇಹಚಲನೆಯ ಸಂಶೋಧಕ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಉಳಿಗೆ ಸುತ್ತಿಗೆ ಹೊಡೆಯುವ ಪಳಗಿದ ಕೆಲಸಗಾರರನ್ನು ಚಿತ್ರಿಸಿದರು. ಸುತ್ತಿಗೆಯ ತುದಿ ಪ್ರತಿ ಸಲವೂ ಹೆಚ್ಚೂಕಡಿಮೆ ಒಂದೇ ಜಾಗಕ್ಕೆ ಬರುತ್ತಿತ್ತು, ಆದರೆ ಭುಜ, ಮೊಣಕೈ, ಮಣಿಕಟ್ಟುಗಳ ಚಲನೆ ಪ್ರತಿ ಸಲವೂ ಬೇರೆ. ಪಳಗಿದವರು ಒಂದೇ ಚಲನೆಯನ್ನು ಪುನರಾವರ್ತಿಸುವುದಿಲ್ಲ, ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಹೊಸದಾಗಿ ಬಿಡಿಸುತ್ತಾರೆ. ಫೋರ್‌ಹ್ಯಾಂಡ್‌ಗೂ ಇದು ಅಕ್ಷರಶಃ ಸತ್ಯ. ಎರಡು ಚೆಂಡು ಒಂದೇ ಥರ ಬರುವುದಿಲ್ಲ. ಹೀಗಿರುವಾಗ ಬುಟ್ಟಿ ತುಂಬ ಚೆಂಡು ತಂದು ಒಂದೇ ಜಾಗಕ್ಕೆ, ಒಂದೇ ಎತ್ತರಕ್ಕೆ, ಒಂದೇ ಲಯದಲ್ಲಿ ಎಸೆದು ಗಂಟೆಗಟ್ಟಲೆ ಹೊಡೆಸುವ ಅಭ್ಯಾಸದಿಂದ ಆ ಹೊತ್ತಿಗೆ ಹೊಡೆತ ಚೆನ್ನಾಗಿ ಕಾಣುತ್ತದೆ, ಪಂದ್ಯದಲ್ಲಿ ಮಾಯವಾಗುತ್ತದೆ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಕೈಚಲನೆಯ ಪ್ರಯೋಗದಲ್ಲಿ ಇದನ್ನೇ ತೋರಿಸಿದರು: ಒಂದೇ ಬಗೆಯದನ್ನು ಸಾಲಾಗಿ ಅಭ್ಯಾಸ ಮಾಡಿದವರು ಅಭ್ಯಾಸದಲ್ಲಿ ಮುಂದಿದ್ದರು, ಹಲವು ಬಗೆಯನ್ನು ಕಲಸಿ ಅಭ್ಯಾಸ ಮಾಡಿದವರು ದಿನ ಕಳೆದ ಮೇಲಿನ ಪರೀಕ್ಷೆಯಲ್ಲಿ ಮುಂದಿದ್ದರು. ಹಿಡಿತ ಬದಲಿಸುವಂಥ ಹೊಸ ಪಾಠದ ಮೊದಲ ವಾರಕ್ಕೆ ಬುಟ್ಟಿ ಬೇಕು, ಗೋಡೆಯೂ ಬೇಕು. ಆಮೇಲೆ ಒಂದು ಎತ್ತರದ್ದು, ಒಂದು ಮೋಟು, ಒಂದು ಓಡಿಸುವಂಥದ್ದು ಎಂದು ಬೆರೆಸಿ ಹಾಕುವ ಮಾರ್ಕರ್ ಸಿಕ್ಕವರು ಪುಣ್ಯವಂತರು.

ಬೆಂಗಳೂರಿನಲ್ಲಿ ಆಡುವವರಿಗೆ ಇನ್ನೊಂದು ವಿಷಯವಿದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿ ಕರಾವಳಿಗಿಂತ ಶೇ 8ರಿಂದ 9ರಷ್ಟು ತೆಳು. ಎತ್ತರದ ಊರುಗಳಿಗೆಂದೇ ಮಾಡಿದ ಚೆಂಡನ್ನು ನಿಯಮದ ಪ್ರಕಾರ ಬಳಸುವುದು 1,219 ಮೀಟರ್ ಮೇಲೆ. ಹಾಗಾಗಿ ಇಲ್ಲಿ, ಮಡಿಕೇರಿಯಲ್ಲೂ ಕೂಡ, ಮಾಮೂಲು ಚೆಂಡೇ. ಅದು ಗಾಳಿಯಲ್ಲಿ ವೇಗ ಕಳೆದುಕೊಳ್ಳುವುದು ಕಡಿಮೆ, ಟಾಪ್‌ಸ್ಪಿನ್ ಕೊಟ್ಟರೂ ಕೆಳಗಿಳಿಯುವುದು ಕಡಿಮೆ. ಮಂಗಳೂರಿನಲ್ಲಿ ಗೆರೆಯೊಳಗೆ ಬೀಳುತ್ತಿದ್ದ ಹೊಡೆತ ಕಬ್ಬನ್ ಪಾರ್ಕಿನ ಕೋರ್ಟಿನಲ್ಲಿ ಆಚೆ ಬಿದ್ದರೆ ಆಟಗಾರ ತನ್ನ ತಂತ್ರವನ್ನು ಶಂಕಿಸಬೇಕಿಲ್ಲ. ಗಟ್ಟಿಂಗ್, ಅಂದರೆ ತಂತಿಯನ್ನು, ಒಂದೆರಡು ಪೌಂಡ್ ಬಿಗಿ ಮಾಡಿಸಿ, ನೆಟ್‌ನ ಮೇಲಿನ ಎತ್ತರವನ್ನು ಸ್ವಲ್ಪ ತಗ್ಗಿಸಿ, ಬೀಸನ್ನು ಇನ್ನಷ್ಟು ಮೇಲ್ಮುಖ ಮಾಡಿದರೆ ಸಾಕು.

ಗಟ್ಟಿಂಗ್ ಮಾತು ಬಂದಾಗ ಕೈನೋವಿನ ಮಾತೂ ಬರುತ್ತದೆ. ಟಿವಿಯಲ್ಲಿ ಕಂಡವರು ಪಾಲಿಯೆಸ್ಟರ್ ಕಟ್ಟಿಸಿದ್ದಾರೆಂದು ನಾವೂ ಕಟ್ಟಿಸುತ್ತೇವೆ. ಆ ತಂತಿ ಗಡುಸು. ತನ್ನ ಸ್ಥಿತಿಸ್ಥಾಪಕತೆಯನ್ನು ಬೇಗ ಕಳೆದುಕೊಳ್ಳುತ್ತದೆ. ವೃತ್ತಿಪರರು ಪಂದ್ಯಕ್ಕೊಮ್ಮೆ ಬದಲಿಸುವುದನ್ನು ನಾವು ತುಂಡಾಗುವವರೆಗೆ ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತೇವೆ. ನಿಧಾನವಾಗಿ ಬೀಸುವವರಿಗೆ ಅದರಿಂದ ಸ್ಪಿನ್ ಸಿಗುವುದು ಅಷ್ಟಕ್ಕಷ್ಟೇ, ಆಘಾತವೆಲ್ಲ ಮೊಣಕೈಗೆ. ಮೆತ್ತನೆಯ ಮಲ್ಟಿಫಿಲಮೆಂಟ್ ತಂತಿ ಅವರಿಗೆ ಎಷ್ಟೋ ಮೇಲು. ಹಿಡಿತಕ್ಕೂ ನೋವಿಗೂ ನಂಟಿದೆ: 2009ರಲ್ಲಿ ಪ್ರಕಟವಾದ ಇಟಲಿಯ ವೈದ್ಯರ ಅಧ್ಯಯನವೊಂದರಲ್ಲಿ ಈಸ್ಟರ್ನ್ ಹಿಡಿತದವರ ಮಣಿಕಟ್ಟಿನ ತೊಂದರೆಗಳು ಹೆಬ್ಬೆರಳ ಕಡೆಗೆ, ಸೆಮಿವೆಸ್ಟರ್ನ್ ಮತ್ತು ವೆಸ್ಟರ್ನ್‌ನವರವು ಕಿರುಬೆರಳ ಕಡೆಗೆ ಕಂಡುಬಂದವು. ಸಾನಿಯಾ 2008ರಲ್ಲಿ, ಡೆಲ್ ಪೊಟ್ರೊ 2010ರಲ್ಲಿ ಬಲ ಮಣಿಕಟ್ಟಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ನೋವಿದ್ದಾಗ ಹೊಡೆತ ತಿದ್ದಲು ಹೋಗಬಾರದು. ಮೊದಲು ನೋವು ಹೋಗಲಿ.

ಮಕ್ಕಳ ವಿಷಯದಲ್ಲಿ ಮಾತ್ರ ಇಡೀ ಜಗತ್ತು ಒಂದು ಒಪ್ಪಂದಕ್ಕೆ ಬಂದಿದೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರ ಜನವರಿಯಿಂದ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರ ಸ್ಪರ್ಧೆಗಳಲ್ಲಿ ಮಾಮೂಲು ಹಳದಿ ಚೆಂಡನ್ನು ಕೈಬಿಟ್ಟಿತು. ಕೆಂಪು ಚೆಂಡು ಶೇ 75ರಷ್ಟು ನಿಧಾನ, ಕಿತ್ತಳೆ ಶೇ 50, ಹಸಿರು ಶೇ 25. ಕಾರಣ ಸರಳ. ನಾಲ್ಕಡಿ ಎತ್ತರದ ಮಗುವಿನ ಎದುರು ಮಾಮೂಲು ಚೆಂಡು ಪುಟಿದಾಗ ತಲೆಯ ಮಟ್ಟಕ್ಕೇರುತ್ತದೆ. ಅದನ್ನು ಮುಟ್ಟಲು ಮಗು ಅಂಗೈಯನ್ನು ಹಿಡಿಕೆಯಡಿಗೆ ವಿಪರೀತ ತಿರುಗಿಸಿಕೊಳ್ಳುತ್ತದೆ, ಹಿಂದಕ್ಕೆ ಓಡುತ್ತದೆ, ತಾಗುವ ಜಾಗ ತಪ್ಪುತ್ತದೆ. ಆ ಚಟ ಹದಿನೈದನೇ ವಯಸ್ಸಿನಲ್ಲಿ ಬಿಡಿಸಲು ವರ್ಷಗಳೇ ಹಿಡಿಯುತ್ತವೆ. ನಮ್ಮಲ್ಲಿ ಬೇಗ ‘ದೊಡ್ಡ ಚೆಂಡಿಗೆ’ ಹೋಗಲಿ ಎಂದು ಅಪ್ಪ ಅಮ್ಮಂದಿರು ಅವಸರ ಮಾಡುವುದನ್ನು ಕಂಡಾಗಲೆಲ್ಲ ಹೊಟ್ಟೆ ಚುರುಕ್ಕೆನ್ನುತ್ತದೆ. ಸೊಂಟದೆತ್ತರಕ್ಕೆ ನಿಧಾನವಾಗಿ ಬರುವ ಚೆಂಡಿನ ಎದುರು ಅದೇ ಮಗು ಯಾರೂ ಹೇಳದೆಯೇ ಭುಜ ತಿರುಗಿಸಿ, ಮುಂದೆ ತಾಗಿಸಿ, ರ‍್ಯಾಲಿ ಆಡುತ್ತದೆ. ಹಸಿರು ಚುಕ್ಕೆಯ ಚೆಂಡು ಮಕ್ಕಳಿಗಷ್ಟೇ ಎಂಬ ನಿಯಮ ಎಲ್ಲೂ ಇಲ್ಲ. ನಲವತ್ತು ದಾಟಿ ರ‍್ಯಾಕೆಟ್ ಹಿಡಿದವರು, ಹಿಡಿತ ಬದಲಿಸಿಕೊಳ್ಳುತ್ತಿರುವವರು ಮೊದಲ ಕೆಲವು ತಿಂಗಳು ಅದರಲ್ಲೇ ಆಡಿದರೆ ಭುಜ ತಿರುಗಿಸಲು, ಕಾಲು ಜೋಡಿಸಲು ಬೇಕಾದ ಸಮಯ ಸಿಗುತ್ತದೆ. ಬೆಂಗಳೂರಿನ ತೆಳು ಗಾಳಿಯಲ್ಲಿ ಆ ಸಮಯಕ್ಕೆ ಇನ್ನೂ ಹೆಚ್ಚಿನ ಬೆಲೆ.